ನವಸಾಗರದ ಪೊಟ್ಟಣ

ಕಾಡಿನ ಜನರ ಆ ಹಾಡಿಗೆ ಯಾರಾದರೂ ಕಾಗದ ಹಿಡಿದುಕೊಂಡು ಬಂದರೆ ಸಾಕು, ಚಿಕ್ಕಬೊಮ್ಮ ಎಡಗೈ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡುಬಿಡುತ್ತಿದ್ದ. ಮನೆ ಕೊಡುತ್ತೇವೆಂದು ಬಂದವರ ಮುಂದೆಯೂ ಅಷ್ಟೇ, ಸೀಮೆಎಣ್ಣೆ ಕಾರ್ಡು ಬರೆಯಲು ಬಂದವರ ಮುಂದೆಯೂ ಅಷ್ಟೇ. "ನಾ ಒತ್ತಾಕಿಲ್ಲ ಬುದ್ದಿ. ಬೇಕಾದ್ರೆ ನಮ್ಮ ಚೆನ್ನಿ ಕೈಲಿ ಒತ್ತಿಸ್ಕಳಿ" ಎಂದು ಎದ್ದು ಹೋಗುತ್ತಿದ್ದ. ಬಂದವರು ಕಾಡಿನ ಜನಕ್ಕೆ ತಿಳಿವಳಿಕೆ ಕಮ್ಮಿ ಎಂದು ಮೂಗು ಮುರಿಯುತ್ತಿದ್ದರು. ತಿಳಿವಳಿಕೆಯಂತೆ, ತಿಳಿವಳಿಕೆ! ಬಿದಿರುಕಟ್ಟೆಯ ತಂತಿ ಕಚೇರಿಯಲ್ಲಿ ಏನಾಯಿತೆಂದು ಗೊತ್ತಿದ್ದರೆ ಅವರೂ ತಮ್ಮ ಹೆಬ್ಬೆಟ್ಟನ್ನು ಜೇಬಿಗೆ ಸೇರಿಸಿಕೊಳ್ಳುತ್ತಿದ್ದರು.

ಅಂತರಸಂತೆಯಿಂದ ಮೂರು ಮೈಲಿ ಒಳಕ್ಕೆ, ಕಾಡಿನ ಅಂಚಿನಲ್ಲಿ ಅವನ ಹಾಡಿ. ಅಪ್ಪ ಜೇನು ಕೊಯ್ಯುತ್ತಿದ್ದವನು. ಮಗನೂ ಹತ್ತು ವರ್ಷಕ್ಕೇ ಮರದ ತುದಿ ಕಂಡವನು. ಐವತ್ತೆಂಟನೆಯ ಇಸವಿಯಲ್ಲಿ ತಾಲ್ಲೂಕು ಊರಾದ ಕೋಟೆಯಿಂದ ಬಿದಿರುಕಟ್ಟೆಗೆ ತಂತಿ ಎಳೆಯುವಾಗ ಕಂಬ ಹೊರಲು ಆಳು ಬೇಕಾಗಿ ಇಲಾಖೆಯವರು ಅವನನ್ನು ಕರೆದೊಯ್ದರು. ಏಣಿಯಿಲ್ಲದೆ ಸರಸರನೆ ಕಂಬ ಏರುವುದನ್ನು ಕಂಡು ಅಲ್ಲೇ ಉಳಿಸಿಕೊಂಡರು. ಹನ್ನೊಂದು ಮೈಲಿ ಲೈನು, ಮುನ್ನೂರಕ್ಕೆ ಎರಡು ಕಮ್ಮಿ ಕಂಬ. ಆನೆ ಮೈ ಉಜ್ಜಿ ವಾಲಿಸಿದ ಕಂಬ ಯಾವುದು, ಮಳೆಗಾಲದಲ್ಲಿ ಯಾವ ತಿರುವಿನ ಮತ್ತಿ ಮರ ಕೊಂಬೆ ಚಾಚುತ್ತದೆ, ಎಲ್ಲ ಅವನ ಬಾಯಲ್ಲೇ ಇತ್ತು.

ಇಷ್ಟಾದರೂ ಅವನು ದಿನಗೂಲಿಯವನೇ. ಹದಿನಾಲ್ಕು ವರ್ಷ "ಮುಂದಿನ ವರ್ಷ ಕಾಯಂ ಮಾಡ್ತಾರೆ ಬಿಡೋ" ಎಂಬ ಮಾತನ್ನೇ ನುಂಗಿಕೊಂಡು ನಡೆದ. ಕಾಯಂ ಆದವನಿಗೆ ಖಾಕಿ ಕೋಟು ಬರುತ್ತಿತ್ತು. ಅದು ಹಾಗಿರಲಿ, ಕಚೇರಿಯ ಹಿಂದೆ ಖಾಲಿ ಬಿದ್ದಿದ್ದ ಎರಡಂಕಣದ ಹೆಂಚಿನ ಮನೆ ಬರುತ್ತಿತ್ತು. ಹಾಡಿಯನ್ನು ಕಾಡಿನಿಂದ ಎತ್ತಿಸುತ್ತಾರಂತೆ ಎಂಬ ಸುದ್ದಿ ಆಗಲೇ ಎದ್ದಿತ್ತು. ಎತ್ತಿಸಿದರೆ ಹೋಗುವುದೆಲ್ಲಿಗೆ? ಹೆಂಡತಿ ಚೆನ್ನಿ ಸಂತೆಗೆ ಬಂದಾಗಲೆಲ್ಲ ಆ ಮನೆಯ ಕಿಟಕಿಯಲ್ಲಿ ಇಣುಕಿ, ಒಲೆ ಇಲ್ಲಿ ಹೂಡಬೇಕು, ಕೋಳಿ ಅಲ್ಲಿ ಕವುಚಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಅವನಿಗೂ ಆಸೆ ಇತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಎಪ್ಪತ್ತರಲ್ಲಿ ಮಿರ್ಲೆಯ ಬಸವರಾಜು ತಂತಿ ಮಾಸ್ತರಾಗಿ ಬಂದ. ಮೂವತ್ತು ದಾಟದ ಹುಡುಗ, ನಗುಮುಖದವನು. ಹಿಂದಿನ ಮಾಸ್ತರರೆಲ್ಲ ಚಿಕ್ಕಬೊಮ್ಮನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತಾಡಿಸಿದವರು. ಕಾಫಿ ಕೊಟ್ಟರೆ ಕರಟದಲ್ಲಿ. ಬಸವರಾಜು ಬಂದ ಮೊದಲನೇ ದಿನವೇ "ಬಾ ಬೊಮ್ಮಣ್ಣ, ಒಳೀಕ್ ಬಾ, ಕೂತ್ಕೋ" ಎಂದು ಬೆಂಚು ತೋರಿಸಿದ; ತಾನು ಕುಡಿಯುವಂಥದೇ ಲೋಟದಲ್ಲಿ ಕಾಫಿ ಕೊಟ್ಟ; ಕುಡಿದಾದ ಮೇಲೆ ಆ ಲೋಟವನ್ನು ತಾನೇ ತೊಳೆದಿಟ್ಟ. ನಲವತ್ತೈದು ವರ್ಷದಲ್ಲಿ ಹಾಡಿಯಿಂದಾಚೆಯವರು ಒಬ್ಬರೂ ಅವನನ್ನು ಅಣ್ಣ ಎಂದಿರಲಿಲ್ಲ. ಅವತ್ತು ರಾತ್ರಿ ಅವನಿಗೆ ಊಟ ಸೇರಲಿಲ್ಲ, ಹೊಟ್ಟೆ ತುಂಬಿಹೋಗಿತ್ತು.

ಅಲ್ಲಿಂದ ಮುಂದೆ ಮಾಸ್ತರರ ಮನೆಗೆ ಜೇನೇನು, ಕಳಲೆಯೇನು, ಉಪ್ಪಿನಕಾಯಿಗೆ ಮಾಕಳಿ ಬೇರೇನು! ಚೆನ್ನಿ ರೇಗುತ್ತಿದ್ದಳು: "ಅವ್ರೇನ್ ನಿನ್ ಒಡಹುಟ್ದೋರಾ?" ಅವನು, "ಒಡಹುಟ್ದೋರಿಗಿಂತ ಒಂದ್ ಕೈ ಮೇಲೆ ಕಣೆ" ಎನ್ನುತ್ತಿದ್ದ.

ಎಪ್ಪತ್ತೆರಡರ ದೀಪಾವಳಿ ಕಳೆದ ಮೇಲೆ ಬಸವರಾಜುವಿನ ತಂಗಿಯ ಮದುವೆ ಗೊತ್ತಾಯಿತು. ಮಿರ್ಲೆಯಿಂದ ಎರಡು ಗೋಣಿಚೀಲದ ತುಂಬ ಹಿತ್ತಾಳೆ ಪಾತ್ರೆ ಬಸ್ಸಿನ ಮೇಲೆ ಬಂದವು: ಕೊಳಗ, ತಪ್ಪಲೆ, ಹಂಡೆ, ಎಲ್ಲ ಸೇರಿ ನಲವತ್ತು. ಮಿರ್ಲೆಯಲ್ಲಿ ಕಲಾಯಿ ಹಾಕುವವರಿಗೆ ಬರವೇ? ಇಷ್ಟು ದೂರ ಯಾಕೆ ಹೊರಿಸಿ ತರಿಸಿದರೆಂದು ಚಿಕ್ಕಬೊಮ್ಮ ಕೇಳಲಿಲ್ಲ. "ಸಂತೆಗೆ ಬರೋ ಕಲಾಯಿ ಸಾಬ್ರ ಕೈ ಬಲು ಚೆಂದ ಕಣ ಬೊಮ್ಮಣ್ಣ" ಎಂದ ಬಸವರಾಜು, ಇವನು ನಂಬಿದ. ಚೀಲಗಳನ್ನು ತಲೆಯ ಮೇಲೆ ಹೊತ್ತು ಕಚೇರಿಯ ಹಿಂದಿನ ಹೊಂಗೆ ಮರದಡಿ ಇಳಿಸಿದ. ಸಾಬರು ಅಲ್ಲೇ ಕುಳಿ ತೋಡಿ ತಿದಿ ಹೂಡಿದರು. ಮೂರು ದಿನ ಕೆಲಸ. ಮೂರು ದಿನವೂ ಬೆಳಗ್ಗೆ ಬಸವರಾಜು ಒಂದೊಂದು ಕಾಗದದ ಪೊಟ್ಟಣ ಕಟ್ಟಿಕೊಟ್ಟು, "ಇದ ಸಾಬ್ರಿಗೆ ಕೊಟ್ಟು ಬಾ" ಎಂದ. ಅದು ನವಸಾಗರ. ಕಾದ ಪಾತ್ರೆಗೆ ಅದರ ಪುಡಿ ಉದುರಿಸಿದರೆ ಮೂಗಿಗೆ ಅಡರುವ ಬಿಳಿ ಹೊಗೆ ಎದ್ದು ತವರ ಹಿಡಿದುಕೊಳ್ಳುತ್ತದೆ. ಚಿಕ್ಕಬೊಮ್ಮ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕಪ್ಪು ತಪ್ಪಲೆ ಬೆಳ್ಳಗಾಗುವುದನ್ನು ನೋಡಿ "ಅಬ್ಬಬ್ಬಾ!" ಎಂದು ಖುಷಿಪಟ್ಟ.

ಮದುವೆ ಜೋರಾಗಿ ಆಯಿತಂತೆ. ಅದಾಗಿ ಎರಡು ವಾರಕ್ಕೆ ತಂತಿ ಕೆಡತೊಡಗಿತು.

ಆಗಿನ ತಂತಿಯೆಂದರೆ ಇಷ್ಟೇ. ಕೋಟೆಯಲ್ಲಿ ಒಬ್ಬ ಕೀಲಿ ಕುಟ್ಟುತ್ತಾನೆ. ಇಲ್ಲಿ ಮೇಜಿನ ಮೇಲಿನ ಹಿತ್ತಾಳೆ ಯಂತ್ರ ಟಕ್ಕು ಟಕ್ಕೆನ್ನುತ್ತದೆ. ಗಿಡ್ಡ ಬಡಿತ, ಉದ್ದ ಬಡಿತ. ಮಾಸ್ತರು ಕಿವಿಗೊಟ್ಟು ಅವನ್ನು ಇಂಗ್ಲಿಷ್ ಅಕ್ಷರ ಮಾಡಿ ಬರೆಯುತ್ತಾನೆ. ಇದಕ್ಕೆ ಬೇಕಾದ ಕರೆಂಟು ಕಚೇರಿಯ ಕಪಾಟಿನಲ್ಲಿ ಸಾಲಾಗಿಟ್ಟ ಗಾಜಿನ ಜಾಡಿಗಳಲ್ಲಿ ಹುಟ್ಟುತ್ತಿತ್ತು. ಕರೆಂಟು ಸೊರಗಿತೆನ್ನಿ, ಗಿಡ್ಡ ಬಡಿತ ಸತ್ತೇ ಹೋಗುತ್ತದೆ, ಉದ್ದದ್ದು ನಡುವೆ ಮುರಿದು ಎರಡಾಗುತ್ತದೆ. ಆಮೇಲೆ ಅಕ್ಷರಗಳೆಲ್ಲ ಕಲಸುಮೇಲೋಗರ.

ಹಂಪಾಪುರದ ತಿಮ್ಮಯ್ಯನೆಂಬ ರೈತನ ತಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದ. ಆಪರೇಷನ್ನಿಗೆ ಬಾ ಎಂದು ಕರೆದ ತಾರು ಯಾರಿಗೂ ಅರ್ಥವಾಗದೆ ಎರಡು ದಿನ ಕಳೆದುಹೋಯಿತು. ತಿಮ್ಮಯ್ಯ ಕಾಗದ ತಂದು ಕಟಕಟೆಯ ಮೇಲೆ ಎಸೆದು ಕೂಗಾಡಿದ: "ಇದೇನ್ ಇಂಗ್ಲೀಷೋ ಮಾಟದ ಮಂತ್ರವೋ? ಎಂಗ್ರೀ ಓದೋದು ಇದ? ನನ್ ತಮ್ಮ ಸತ್ತಿದ್ರೆ ನೀವ್ ತಂದ್ಕೊಡ್ತಿದ್ರಾ?" ತಮ್ಮ ಉಳಿದ, ಪುಣ್ಯ. ಆದರೆ ತಿಮ್ಮಯ್ಯ ಸುಮ್ಮನಾಗದೆ ಮೈಸೂರಿಗೆ ಅರ್ಜಿ ಬರೆದ. ಸಂಕ್ರಾಂತಿ ಕಳೆದ ಕೂಡಲೇ ಇನ್‌ಸ್ಪೆಕ್ಟರು ಬಂದು ತನಿಖೆ ಮಾಡುತ್ತಾರೆಂದು ಉತ್ತರವೂ ಬಂತು.

"ಲೈನಲ್ಲೇ ಐತೆ ಕಣ ಬೊಮ್ಮಣ್ಣ" ಎಂದ ಬಸವರಾಜು. "ಎಲ್ಲೋ ಕೊಂಬೆ ತಾಗ್ತಾ ಐತೆ, ಕರೆಂಟೆಲ್ಲ ಸೋರೋಯ್ತಾ ಐತೆ. ಇನ್‌ಸ್ಪೆಕ್ಟ್ರು ಬರೋ ಒಳಗೆ ಸರಿ ಮಾಡ್ಬುಟ್ರೆ ನಿನ್ ಕಾಯಂ ವಿಷ್ಯಾನೂ ಅವ್ರ ಕಿವಿಗೆ ಹಾಕ್ತೀನಿ."

"ನೋಡ್ತೀನಿ ಬುಡಿ ಸಾಮಿ. ನನ್ ಲೈನು, ನಂಗೊತ್ತಿಲ್ವಾ?"

ಇಪ್ಪತ್ತೊಂದು ದಿನ! ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಇಪ್ಪತ್ತೊಂದು ದಿನ ನಡೆದ. ಒಂದೊಂದೇ ಕಂಬ ಹತ್ತಿ ತಂತಿ ಕೂರುವ ಪಿಂಗಾಣಿ ಬಟ್ಟಲಿನ ಧೂಳು ಒರೆಸಿದ. ಜೇಡರ ಬಲೆ ಬಿಡಿಸಿದ. ಕಾಗೆ ಗೂಡಿಗೆಂದು ಸಿಕ್ಕಿಸಿದ್ದ ತಂತಿ ಚೂರು ಕಿತ್ತ. ಮತ್ತಿಮರದ ಕೊಂಬೆ ಕಡಿದ. ಗಂಟು ಗಂಟನ್ನೂ ಉಜ್ಜಿ ಬಿಗಿದ. ಕಚೇರಿಯ ಹಿಂದೆ ನೆಲಕ್ಕೆ ಇಳಿಸಿದ್ದ ಕೊಳವೆಯ ಬುಡಕ್ಕೆ ಕೊಡಗಟ್ಟಲೆ ನೀರು ಸುರಿದ, ಮಣ್ಣು ಒಣಗಿದರೂ ತಂತಿ ಕೆಡುವುದುಂಟು. ಹಿಮ್ಮಡಿ ಸೀಳಿ ರಕ್ತ ಬಂತು. ರಾಗಿ ಕೊಯ್ಲಿನ ಕೂಲಿ ಕೈಬಿಟ್ಟು ಹೋಯಿತೆಂದು ಚೆನ್ನಿ ಬೈದಳು. ತಂತಿ ಮಾತ್ರ ಒಂದಿಷ್ಟೂ ಸರಿಹೋಗಲಿಲ್ಲ. ಸಂಜೆ ಬಂದು ಮೆಟ್ಟಿಲ ಮೇಲೆ ಕೂತರೆ ಒಳಗೆ ಯಂತ್ರ ತೊದಲುತ್ತಿತ್ತು. ಅದನ್ನು ಕೇಳಿದರೆ ಅವನಿಗೆ ಅಳು ಬರುತ್ತಿತ್ತು. ಬಸವರಾಜು ದಿನಾ ಸಂಜೆ, "ನಾಳೆ ಇನ್ನೊಂದ್ ಸಲ ನೋಡು ಬೊಮ್ಮಣ್ಣ" ಎನ್ನುತ್ತಿದ್ದ.

ಗೊತ್ತಿದ್ದೂ ಗೊತ್ತಿದ್ದೂ ನಡೆಸಿದನಲ್ಲ, ಅವನ ನಾಲಿಗೆ ಅದು ಹೇಗೆ ಹೊರಳಿತೋ!

ಕಡೆಗೊಂದು ದಿನ ಚೆನ್ನಿ ಹಿಮ್ಮಡಿಗೆ ಎಣ್ಣೆ ಹಚ್ಚುತ್ತ ಹೇಳಿದಳು: "ಬೇರಿಗೆ ಹುಳ ಬಿದ್ದೈತೋ ಏನೋ ನೋಡ್ದೆ, ನೀನು ಎಲೆ ಒರೆಸ್ತಾ ಕೂತಿದೀಯ."

ಅವನಿಗೆ ಆ ಮಾತು ತಲೆ ಹೊಕ್ಕಿತು. ರಾತ್ರಿಯಿಡೀ ಯೋಚಿಸಿದ. ಧನುರ್ಮಾಸದ ಇಬ್ಬನಿ, ಬೆಳಗ್ಗೆ ಎಂಟರವರೆಗೂ ಎಲೆ, ಕಂಬ, ತಂತಿ ಎಲ್ಲ ತೊಟ್ಟಿಕ್ಕುತ್ತವೆ. ಲೈನಿನಲ್ಲಿ ಸೋರಿಕೆಯಿದ್ದರೆ ಬೆಳಗ್ಗೆಯೇ ಹೆಚ್ಚಾಗಬೇಕು, ಬಿಸಿಲೇರಿದ ಹಾಗೆ ಕಮ್ಮಿಯಾಗಬೇಕು. ಇಲ್ಲಿ ಅದಕ್ಕೆ ತಿರುವುಮುರುವು. ಬೆಳಗ್ಗೆ ಮೊದಲ ತಾರು ನೆಟ್ಟಗೆ ಬರುತ್ತದೆ, ಎರಡನೆಯದು ತೊದಲುತ್ತದೆ, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಹಾಳು. ರಾತ್ರಿ ಮಲಗೆದ್ದ ಮುದುಕ ನಾಲ್ಕು ಹೆಜ್ಜೆ ಚೆನ್ನಾಗಿ ನಡೆದು ಆಮೇಲೆ ಕೂತುಬಿಡುವ ಹಾಗೆ. ಹಾಗಾದರೆ ಸುಸ್ತಾಗುತ್ತಿರುವುದು ಲೈನಲ್ಲ, ಜಾಡಿ!

ಮಾರನೆಯ ದಿನ ಮಧ್ಯಾಹ್ನ ಬಸವರಾಜು ಊಟಕ್ಕೆ ಹೋದಾಗ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಆ ಕಪಾಟು ತೆರೆದ. ಜಾಡಿಯಿಂದ ಬಂದ ಎರಡು ತಂತಿಯ ತುದಿಯನ್ನು ನಾಲಿಗೆಗೆ ಇಟ್ಟುಕೊಂಡ. ಹಳೇ ಲೈನ್‌ಮನ್ನುಗಳು ಕಲಿಸಿದ ಪರೀಕ್ಷೆ ಅದು, ಚುರುಕ್ಕೆಂದು ಕಚ್ಚಬೇಕು. ಇರುವೆ ಹರಿದಷ್ಟೂ ಆಗಲಿಲ್ಲ. ಅವರು ಹೇಳಿದ್ದ ಗುರುತೆಲ್ಲ ನೆನೆದು ಜಾಡಿಗಳನ್ನು ನೋಡಿದ. ಅಂಚಿಗೆ ಹತ್ತಬೇಕಾದ ಬಿಳಿ ಹೊಪ್ಪಳಿಕೆ ಇಲ್ಲ. ಜಾಡಿಗೆ ಹಾಕುವ ಉಪ್ಪಿನ ಡಬ್ಬಿ ಕೆಳಗಿತ್ತು. ಬೆರಳು ಅದ್ದಿ ನೆಕ್ಕಿದ. ತಣ್ಣಗೆ ಕೊರೆದು ಕಹಿಯಾಗಿ ಕಡಿಯಬೇಕಾದ್ದು ಬರೀ ಉಪ್ಪುಪ್ಪು. ಸಾರಿಗೆ ಹಾಕುವ ಅಡಿಗೆ ಉಪ್ಪು.

ಜಾಡಿಗೆ ಬೇಕಾದ್ದು ನವಸಾಗರ.

ಮೂರು ದಿನ, ಮೂರು ಪೊಟ್ಟಣ, ಹೊಂಗೆ ಮರದಡಿಯ ಬಿಳಿ ಹೊಗೆ. ಸರ್ಕಾರದ ನವಸಾಗರವೆಲ್ಲ ತಂಗಿಯ ಮದುವೆ ಪಾತ್ರೆಯ ಹೊಟ್ಟೆಗೆ ಹೋಗಿತ್ತು. ಹೊತ್ತುಕೊಟ್ಟವನು ತಾನೇ.

ಇಲ್ಲಿ ಇನ್ನೊಬ್ಬನಾಗಿದ್ದರೆ ನೇರ ತಿಮ್ಮಯ್ಯನ ಬಳಿಗೋ ಇನ್‌ಸ್ಪೆಕ್ಟರ ಬಳಿಗೋ ಓಡುತ್ತಿದ್ದ. ಚಿಕ್ಕಬೊಮ್ಮ ಕಪಾಟು ಮುಚ್ಚಿ, ಬಸವರಾಜು ಬರುವವರೆಗೆ ಮೆಟ್ಟಿಲ ಮೇಲೆ ಕಾದ. ಬಂದವನಿಗೆ ಮೆಲ್ಲಗೆ ಹೇಳಿದ: "ಲೈನಲ್ಲಿ ಏನೂ ಇಲ್ಲ ಸಾಮಿ. ಜಾಡೀಲಿ ನವಸಾಗರ ಇಲ್ಲ."

ಬಸವರಾಜುವಿನ ಮುಖ ಬಿಳಿಚಿಕೊಂಡಿತು. ಬಾಗಿಲು ಹಾಕಿ ಬಂದು ಚಿಕ್ಕಬೊಮ್ಮನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರೂ ಬಂತು. "ತಪ್ಪಾಯ್ತು ಕಣ ಬೊಮ್ಮಣ್ಣ. ಸಾಬ್ರು ನವಸಾಗರ ನೀವೇ ಕೊಟ್ರೆ ಕೂಲಿ ಅರ್ಧ ಸಾಕು ಅಂದ್ರು. ಇಲಾಖೆದು ಇನ್ನೊಂದು ಡಬ್ಬಿ ಬತ್ತದಲ್ಲ, ತುಂಬಿಸ್ಬುಡಣ ಅನ್ಕಂಡೆ. ಬರ್ಲೇ ಇಲ್ಲ. ಗೊತ್ತಾದ್ರೆ ನನ್ ಕೆಲ್ಸ ಹೋಯ್ತದೆ. ಮನೇಲಿ ತಾಯಿ ಅವ್ರೆ. ನೀನೇ ಕಾಪಾಡ್ಬೇಕು."

ಅಣ್ಣ ಎಂದವನು ಅಳುತ್ತ ನಿಂತರೆ ಇವನ ಕರುಳು ತಡೆದೀತೆ? "ಅಳಬ್ಯಾಡಿ ಸಾಮಿ, ನಾ ಯಾರ್ಗೂ ಯೋಳಾಕಿಲ್ಲ. ಇವತ್ತೇ ಉಣಸೂರಿಂದ ತರಿಸಾಕ್ಬುಡಿ, ಮುಗೀತು."

"ತರಿಸ್ತೀನಿ. ಮೊದ್ಲು ನಿನ್ ಕೆಲ್ಸ ಮಾಡ್ತೀನಿ, ತಡಿ." ಬಸವರಾಜು ಕೂತು ಒಂದು ಕಾಗದದ ತುಂಬ ಬರೆದ. ಬಹಳ ಹೊತ್ತು ಬರೆದ. "ನಿನ್ ಕಾಯಂ ಅರ್ಜಿ. ಹದ್ನಾಲ್ಕು ವರ್ಷ ಎಂಗ್ ದುಡಿದೆ ಅಂತ ಒಂದೂ ಬುಡ್ದೆ ಬರ್ದಿವ್ನಿ. ಒತ್ತು."

ಚಿಕ್ಕಬೊಮ್ಮ ಪಂಚೆಗೆ ಹೆಬ್ಬೆಟ್ಟು ಒರೆಸಿಕೊಂಡು, ಶಾಯಿ ಹಚ್ಚಿ, ಅಲುಗದಂತೆ ಉಸಿರು ಬಿಗಿಹಿಡಿದು ಒತ್ತಿದ. ಚೆನ್ನಾಗಿ ಮೂಡಿತು. ಮನೆಗೆ ಹೋಗುವಾಗ ಹೆಂಚಿನ ಮನೆಯ ಕಿಟಕಿಯಲ್ಲಿ ಅವನೂ ಒಂದು ಸಲ ಇಣುಕಿದ. ಒಲೆಗೆ ಚೆನ್ನಿ ಹೇಳಿದ ಜಾಗವೇ ಸರಿ ಅನ್ನಿಸಿತು.

ಸಂಕ್ರಾಂತಿಯಾದ ಮೂರನೆಯ ದಿನ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ವಯಸ್ಸಾದವರು, ಮಾತು ಕಮ್ಮಿ. ಜಾಡಿ ನೋಡಿದರು, ಡಬ್ಬಿ ನೋಡಿದರು; ಅದರಲ್ಲಿ ಇನ್ನೂ ಅಡಿಗೆ ಉಪ್ಪೇ ಇತ್ತು. ಚಿಕ್ಕಬೊಮ್ಮನನ್ನು ಒಳಗೆ ಕರೆಸಿದರು. ಅವನು ಅವತ್ತು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ಇನ್‌ಸ್ಪೆಕ್ಟರ ಕೈಯಲ್ಲಿ ಅವನ ಕಾಗದವಿತ್ತು. ಗುರುತು ಸಿಕ್ಕಿ ಅವನ ಮುಖ ಅರಳಿತು.

"ಈ ಹೆಬ್ಬೆಟ್ಟು ನಿಂದೇನಯ್ಯಾ?"

"ಊಂ ಬುದ್ದಿ, ನಂದೇ."

"ಕಲಾಯಿಯವರಿಗೆ ನವಸಾಗರದ ಪೊಟ್ಟಣ ಕೊಟ್ಟವನು ನೀನೇನಾ?"

ಈ ಪ್ರಶ್ನೆ ಯಾಕೆ ಬಂತೆಂದು ಅವನಿಗೆ ತಿಳಿಯಲಿಲ್ಲ. ಸುಳ್ಳು ಹೇಳಿ ರೂಢಿಯಿದ್ದವನಲ್ಲ. "ಕೊಟ್ಟೆ ಬುದ್ದಿ. ಮೂರು ದಿನ."

ಆಗ ಇನ್‌ಸ್ಪೆಕ್ಟರು ಕಾಗದ ಓದಿದರು. ಚಿಕ್ಕಬೊಮ್ಮನೆಂಬ ದಿನಗೂಲಿಯವನಾದ ನಾನು, ಮಾಸ್ತರು ಇಲ್ಲದ ಸಮಯದಲ್ಲಿ ಕಪಾಟು ತೆರೆದು, ನವಸಾಗರ ಕದ್ದು, ಡಬ್ಬಿಗೆ ಅಡಿಗೆ ಉಪ್ಪು ತುಂಬಿ, ಕದ್ದ ಮಾಲನ್ನು ನನ್ನ ಕೈಯಾರೆ ಕಲಾಯಿಯವರಿಗೆ ಮಾರಿದ್ದು ನಿಜ. ತಪ್ಪಿಗೆ ಕ್ಷಮೆ ಕೋರುತ್ತೇನೆ.

ಚಿಕ್ಕಬೊಮ್ಮ ಬಸವರಾಜುವಿನ ಕಡೆ ತಿರುಗಿದ. ಹೇಳಲಿ ಎಂದು ಕಾದ. ಒಂದು ಮಾತು, "ಅವನಲ್ಲ ಸಾರ್" ಎಂಬ ಎರಡೇ ಪದ. ಬಸವರಾಜು ಮೇಜಿನ ಮೇಲಿನ ಕಾಗದ ಸರಿಮಾಡುತ್ತ, "ಪಾಪ, ಬಡವ ಸಾರ್. ಪೋಲೀಸು ಗೀಲೀಸು ಬೇಡ, ಕೆಲಸದಿಂದ ತೆಗೆದರೆ ಸಾಕು" ಎಂದ. ಪಾಪವಂತೆ! ಕತ್ತು ಕೊಯ್ದವನ ಬಾಯಲ್ಲಿ ಕರುಣೆ ಬೇರೆ!

"ಬುದ್ದಿ, ನಾ ಕದ್ದಿಲ್ಲ. ಇವ್ರೇ ಕೊಟ್ಟು ಕಳಿಸಿದ್ರು..." ಎಂದ ಚಿಕ್ಕಬೊಮ್ಮ.

ಇನ್‌ಸ್ಪೆಕ್ಟರು ಇಬ್ಬರ ಮುಖವನ್ನೂ ಒಂದು ಗಳಿಗೆ ನೋಡಿದರು. ಏನಾದರೂ ಹೊಳೆಯಿತೋ ಏನೋ. ಆದರೆ ಕಾಗದ ಕೈಯಲ್ಲಿತ್ತು, ಹೆಬ್ಬೆಟ್ಟು ಕಾಗದದಲ್ಲಿತ್ತು. "ಇಕ್ಕಳ, ಪಟ್ಟಿ ಇಟ್ಟು ಹೋಗಪ್ಪ" ಎಂದರು.

ಅವರು ಜೀಪಿನಲ್ಲಿ ಹೊಸ ಡಬ್ಬಿ ತಂದಿದ್ದರು. ಚಿಕ್ಕಬೊಮ್ಮ ಸೊಂಟದಿಂದ ಪಟ್ಟಿ ಬಿಚ್ಚಿ ಹೊರಗೆ ಬಂದು ಹೊಂಗೆ ಮರದಡಿ ಕೂತಿದ್ದ ಹಾಗೇ ಒಳಗೆ ಜಾಡಿಗಳನ್ನು ತೊಳೆದು ನವಸಾಗರ ತುಂಬಿಯಾಯಿತು. ಕಿಟಕಿಯಿಂದ ಇನ್‌ಸ್ಪೆಕ್ಟರ ದನಿ ಕೇಳಿತು: "ಮೈಸೂರಿಗೆ ಕಳಿಸಿ. ಲೈನ್‌ಮನ್ ಚಿಕ್ಕಬೊಮ್ಮನ ಹೆಸರು ಇಂದಿನಿಂದ ತೆಗೆದಿದೆ." ಬಸವರಾಜು ಕೀಲಿ ಕುಟ್ಟಿದ. ಟಕ್ಕು, ಟಕ್ಕು, ಗಿಡ್ಡದ್ದು ಗಿಡ್ಡದ್ದಾಗಿ, ಉದ್ದದ್ದು ಉದ್ದದ್ದಾಗಿ. ಒಂದೂವರೆ ತಿಂಗಳಲ್ಲಿ ಮೊದಲ ಸಲ ಆ ಸದ್ದು ಅಷ್ಟು ಚೊಕ್ಕವಾಗಿತ್ತು. ಇಪ್ಪತ್ತೊಂದು ದಿನ ಒರೆಸಿದ ಪಿಂಗಾಣಿ, ಬಿಗಿದ ಗಂಟು, ಎಲ್ಲವೂ ಅವನ ಹೆಸರನ್ನು ಒಂದಕ್ಷರವೂ ಕೆಡದಂತೆ ಹೊತ್ತುಕೊಂಡು ಹೋದವು. ಕೋಟೆಯವರು ಇನ್ನೊಂದು ಸಲ ಕಳಿಸಿ ಎಂದು ಕೇಳಲೇ ಇಲ್ಲ.

ಜೀಪು ಹೋದ ಮೇಲೆ ಬಸವರಾಜು ಹೊರಗೆ ಬಂದ. ಕೈಯಲ್ಲಿ ಲೋಟವಿತ್ತು. "ಬೊಮ್ಮಣ್ಣ, ನನ್ಗೆ ಬೇರೆ ದಾರಿ ಇರ್ಲಿಲ್ಲ ಕಣ. ಕಾಫಿ ಕುಡ್ಕಂಡು ಓಗು."

ಚಿಕ್ಕಬೊಮ್ಮ ಎದ್ದು ನಿಂತ. "ಇನ್ ಮ್ಯಾಕೆ ನನ್ನ ಅಣ್ಣ ಅನ್ಬ್ಯಾಡಿ ಸಾಮಿ. ಬರೀ ಬೊಮ್ಮ ಅನ್ನಿ. ಮುಂಚಿನೋರೆಲ್ಲ ಕರಟದಲ್ಲಿ ಕೊಟ್ರು, ಕೆಳೀಕ್ ನಿಲ್ಸಿದ್ರು. ನನ್ ಕುತ್ಗೆ ಮಾತ್ರ ಯಾರೂ ಕುಯ್ದಿರ್ಲಿಲ್ಲ."

ಹಾಡಿಯ ದಾರಿ ಲೈನಿನ ಅಡಿಯಲ್ಲೇ ಹೋಗುತ್ತಿತ್ತು. ಎರಡನೇ ಮೈಲಿಯ ತಿರುವಿನಲ್ಲಿ ಕಂಬಕ್ಕೆ ಕಾಡುಬಳ್ಳಿಯೊಂದು ಹೊಸದಾಗಿ ಹಬ್ಬಿ, ತಂತಿಗೆ ಇನ್ನೊಂದು ಗೇಣಿತ್ತು. ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಇಕ್ಕಳ ಅಲ್ಲಿರಲಿಲ್ಲ. ಬರಿಗೈಯಲ್ಲೂ ಕೀಳಬಹುದಿತ್ತು, ಎಳೆಯ ಬಳ್ಳಿ. ಸ್ವಲ್ಪ ಹೊತ್ತು ಕಂಬದ ಬುಡದಲ್ಲಿ ನಿಂತಿದ್ದ. ಆಮೇಲೆ ಶಾಯಿ ಇನ್ನೂ ಅಂಟಿದೆಯೇನೋ ಎಂಬಂತೆ ಹೆಬ್ಬೆಟ್ಟನ್ನು ಕಂಬಕ್ಕೆ ತಿಕ್ಕಿ ಒರೆಸಿ, ಬಳ್ಳಿಯನ್ನು ಹಾಗೇ ಬಿಟ್ಟು ಮನೆಯ ಕಡೆ ನಡೆದ.